ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ: ದುಡಿಮೆಗೆ ಇಂಧನ, ಮಿತಿಮೀರಿದರೆ ಗಂಡಾಂತರ

ಮುಂಗಾರು ಮಳೆ ಬಿದ್ದು ಎರೆ ಹೊಲ ಹದಕ್ಕೆ ಬಂತೆಂದರೆ ಉಣಕಲ್ಲಿನ ಆಸುಪಾಸಿನ ಹಳ್ಳಿಗಳಲ್ಲಿ ರೈತನಿಗೂ ಬಿಡುವಿಲ್ಲ, ಎತ್ತಿಗೂ ಬಿಡುವಿಲ್ಲ. ಬೇಸಿಗೆಯೆಲ್ಲ ಕೊಟ್ಟಿಗೆಯಲ್ಲಿ ನಿಂತಿದ್ದ ಎತ್ತು ಮೊದಲ ದಿನ ಹೊಲ ಹರಗುವಾಗ ತೇಕುತ್ತದೆ. ಮರುದಿನ ರೈತನ ತೊಡೆ, ಬೆನ್ನು ಹಿಡಿದುಕೊಂಡಿರುತ್ತವೆ. ಸುಗ್ಗಿಯಲ್ಲಿ ಅದೇ ಎತ್ತು ಕಣ್ಣಿ ಹರಿದುಕೊಂಡು ಕಣದಲ್ಲಿಯ ಜೋಳದ ರಾಶಿಗೆ ಬಾಯಿ ಹಾಕಿದರೆ ಮರುದಿನ ಮೇಲೇಳಲಾರದೆ ಮಲಗುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಕೇಳಿಬರುವ ಹೆಸರು ಒಂದೇ: ಲ್ಯಾಕ್ಟಿಕ್ ಆಮ್ಲ. ಆದರೆ ಮೊದಲನೆಯದರಲ್ಲಿ ಅದರ ತಪ್ಪೇನೂ ಇಲ್ಲ. ಎರಡನೆಯದರಲ್ಲಿ ಅದು ಎತ್ತಿನ ಜೀವವನ್ನೇ ತೆಗೆಯಬಲ್ಲದು. ಈ ವ್ಯತ್ಯಾಸವನ್ನು ರೈತರು ತಿಳಿದಿರುವುದು ಅಗತ್ಯ.

ಮೊಸರಿನ ಹುಳಿಯೇ ಇದು

ಹಾಲಿಗೆ ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಮೊಸರು ಹುಳಿಯಾಗುವುದು ಇದರಿಂದಲೇ. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದ್ದೂ ಹುಳಿ ಹಾಲಿನಿಂದಲೇ. ಹಸಿರು ಮೇವನ್ನು ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದು ರಸಮೇವು ಮಾಡುವಾಗ ಮೇವು ಕೊಳೆಯದಂತೆ ಕಾಯುವುದೂ ಈ ಆಮ್ಲವೇ. ಮನುಷ್ಯನ ಮತ್ತು ದನಗಳ ದೇಹದಲ್ಲಿಯೂ ಇದು ಹಗಲಿರುಳು ತಯಾರಾಗುತ್ತಿರುತ್ತದೆ. ರಕ್ತದಲ್ಲಿ ಇದು ಲ್ಯಾಕ್ಟೇಟ್ ಎಂಬ ರೂಪದಲ್ಲಿರುತ್ತದೆ.

ದೇಹ ಇದನ್ನು ತಯಾರಿಸುವ ಬಗೆ

ಉಂಡ ರೊಟ್ಟಿಯ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ರಕ್ತದ ಮೂಲಕ ಸ್ನಾಯುಗಳಿಗೆ ತಲುಪುತ್ತದೆ. ಅಲ್ಲಿ ಜೀವಕೋಶಗಳು ಅದನ್ನು ಎರಡು ಹಂತಗಳಲ್ಲಿ ಬಳಸುತ್ತವೆ. ಮೊದಲ ಹಂತಕ್ಕೆ ಆಮ್ಲಜನಕ ಬೇಡ. ಕೆಲಸ ಬೇಗ, ಆದರೆ ಸಿಗುವ ಶಕ್ತಿ ಕಡಿಮೆ. ಎರಡನೆಯ ಹಂತಕ್ಕೆ ಆಮ್ಲಜನಕ ಬೇಕು. ಕೆಲಸ ನಿಧಾನ, ಆದರೆ ಶಕ್ತಿ ಹೇರಳ. ಮೊದಲ ಹಂತದಲ್ಲಿ 2 ಪಾಲು ಶಕ್ತಿ ಸಿಕ್ಕರೆ, ಎರಡೂ ಹಂತಗಳು ಪೂರ್ತಿಯಾದಾಗ ಸುಮಾರು 30 ಪಾಲು ಸಿಗುತ್ತದೆ.

ಭಾರದ ಚಕ್ಕಡಿ ಏರು ಹತ್ತುವಾಗ ಎತ್ತಿಗೆ ತಕ್ಷಣ ಶಕ್ತಿ ಬೇಕು. ಆಗ ಮೊದಲ ಹಂತ ಬಿರುಸಾಗಿ ನಡೆಯುತ್ತದೆ. ಎರಡನೆಯದು ಅದಕ್ಕೆ ಸರಿಗಟ್ಟಲಾರದು. ಹೀಗೆ ನಡುವೆ ಉಳಿದದ್ದೇ ಲ್ಯಾಕ್ಟೇಟ್ ಆಗುತ್ತದೆ. ಬಿರುಸಿನ ಕೆಲಸವಿಲ್ಲದಾಗಲೂ ಇದರ ತಯಾರಿಕೆ ನಿಲ್ಲುವುದಿಲ್ಲ. ಕೆಂಪು ರಕ್ತಕಣಗಳಿಗೆ ಎರಡನೆಯ ಹಂತದ ವ್ಯವಸ್ಥೆಯೇ ಇಲ್ಲ. ಅವು ಸದಾ ಲ್ಯಾಕ್ಟೇಟನ್ನೇ ತಯಾರಿಸುತ್ತವೆ. ದುಡಿಯದೆ ಕುಳಿತ ಮನುಷ್ಯನ ದೇಹದಲ್ಲಿಯೂ ದಿನಕ್ಕೆ ನೂರು ಗ್ರಾಮಿಗೂ ಮಿಕ್ಕಿ ಲ್ಯಾಕ್ಟೇಟ್ ಹುಟ್ಟುತ್ತದೆ.

ಇದು ಕಸವಲ್ಲ

ಬಹುಕಾಲ ಲ್ಯಾಕ್ಟೇಟನ್ನು ದೇಹದ ಕಸವೆಂದೇ ತಿಳಿಯಲಾಗಿತ್ತು. ಈಗ ಆ ತಿಳಿವಳಿಕೆ ಬದಲಾಗಿದೆ. ಹೃದಯವು ಲ್ಯಾಕ್ಟೇಟನ್ನು ಚೆನ್ನಾಗಿ ಉರಿಸಿ ಶಕ್ತಿ ಪಡೆಯುತ್ತದೆ. ನಿಧಾನವಾಗಿ ದುಡಿಯುವ ಸ್ನಾಯುಗಳೂ ಮೆದುಳೂ ಅದನ್ನು ಬಳಸುತ್ತವೆ. ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು ಮತ್ತೆ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಈ ಚಕ್ರವನ್ನು ಕಂಡುಹಿಡಿದವರು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು. 1947ರ ನೊಬೆಲ್ ಪಾರಿತೋಷಕದಲ್ಲಿ ಅವರಿಬ್ಬರಿಗೂ ಪಾಲಿತ್ತು.

ರಕ್ತದಲ್ಲಿಯ ಲ್ಯಾಕ್ಟೇಟನ್ನು ಉಣಕಲ್ ಕೆರೆಯ ನೀರಿನ ಮಟ್ಟಕ್ಕೆ ಹೋಲಿಸಬಹುದು. ಮಳೆ ಜೋರಾಗಿ ಒಳಹರಿವು ಹೆಚ್ಚಿದರೂ ಮಟ್ಟ ಏರುತ್ತದೆ. ಹೊರಹರಿವು ಕಟ್ಟಿಕೊಂಡರೂ ಏರುತ್ತದೆ. ಬಿರುಸಿನ ದುಡಿಮೆ ಜೋರು ಮಳೆಯಿದ್ದಂತೆ. ದುಡಿಮೆ ನಿಂತ ಸುಮಾರು ಒಂದು ತಾಸಿನಲ್ಲಿ ಮಟ್ಟ ಮೊದಲಿನಂತಾಗುತ್ತದೆ. ಆದುದರಿಂದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣ ಪೆಟ್ಟೇ ಅದಕ್ಕೆ ಕಾರಣ. ಹಂಗಾಮಿನ ಮೊದಲ ಕೆಲವು ದಿನ ಎತ್ತುಗಳಿಗೆ ಅರ್ಧ ದಿನದ ಕೆಲಸ ಕೊಟ್ಟು ಕ್ರಮೇಣ ಹೆಚ್ಚಿಸುವುದು ಒಳ್ಳೆಯದು. ಕೆಲಸ ಮುಗಿದೊಡನೆ ಕಟ್ಟಿಹಾಕದೆ ಸ್ವಲ್ಪ ಹೊತ್ತು ನಿಧಾನವಾಗಿ ನಡೆಸಿದರೆ ಲ್ಯಾಕ್ಟೇಟ್ ಬೇಗ ಇಳಿಯುತ್ತದೆ. ಮನುಷ್ಯನಿಗೂ ಇದು ಅನ್ವಯಿಸುತ್ತದೆ.

ವೈದ್ಯರು ಅಳೆಯುವುದೇಕೆ?

ಆರೋಗ್ಯವಂತನ ರಕ್ತದಲ್ಲಿ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲಿಗಿಂತ ಕಡಿಮೆ ಇರುತ್ತದೆ. ಉಸಿರುಗಟ್ಟಿ ಓಡಿದವನಲ್ಲಿ 15ಕ್ಕೂ ಏರಬಹುದು, ಅದರಿಂದ ಹೆದರಬೇಕಾಗಿಲ್ಲ. ಆದರೆ ಹಾಸಿಗೆ ಹಿಡಿದ ರೋಗಿಯಲ್ಲಿ 2ನ್ನು ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ; 4ನ್ನು ದಾಟಿದರೆ ಪರಿಸ್ಥಿತಿ ಗಂಭೀರವೆಂದು ತಿಳಿಯುತ್ತಾರೆ. ಗಾಯದ ಸೋಂಕು ಮೈಯೆಲ್ಲ ವ್ಯಾಪಿಸಿದಾಗ, ಅಪಘಾತದಲ್ಲಿ ರಕ್ತ ಬಹಳ ಹೋದಾಗ, ಹೃದಯ ಸೋತಾಗ ಅಂಗಾಂಗಗಳಿಗೆ ಸಾಕಷ್ಟು ರಕ್ತ, ಆಮ್ಲಜನಕ ತಲುಪುವುದಿಲ್ಲ. ಯಕೃತ್ತು ಕೆಟ್ಟರೆ ಹೊರಹರಿವೇ ಕಡಿಮೆಯಾಗುತ್ತದೆ. ಆಹಾರದಲ್ಲಿ ಥಯಾಮಿನ್ (ಬಿ1 ಜೀವಸತ್ವ) ತೀರ ಕಡಿಮೆಯಾದರೂ ಎರಡನೆಯ ಹಂತ ನಿಂತು ಲ್ಯಾಕ್ಟೇಟ್ ಏರುತ್ತದೆ. ರೋಗಿಯ ರಕ್ತದೊತ್ತಡ ಸರಿಯಾಗಿರುವಂತೆ ಕಂಡರೂ ಒಳಗಿನ ಅಪಾಯವನ್ನು ಈ ಪರೀಕ್ಷೆ ತೋರಿಸಬಲ್ಲದು. ಚಿಕಿತ್ಸೆ ಆರಂಭಿಸಿದ ಮೇಲೆ ಅಂಕಿ ಇಳಿದರೆ ಅದು ಒಳ್ಳೆಯ ಚಿಹ್ನೆ.

ಕೈಕಾಲಿನ ಗಾಯ ಬಾತು ಜ್ವರ ಬಂದು, ಉಸಿರಾಟ ಜೋರಾಗಿ, ಮೂತ್ರ ಕಡಿಮೆಯಾಗಿ, ಮಾತು ತೊದಲಿದರೆ ಅರಿಶಿನ ಹಚ್ಚಿ ನಾಳೆ ನೋಡೋಣವೆನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು. ಇಂಥ ರೋಗಿಗೆ ಒಂದೊಂದು ತಾಸೂ ಮುಖ್ಯ.

ದನದ ಹೊಟ್ಟೆ ಹುಳಿಯಾದಾಗ

ಮೆಲುಕು ಹಾಕುವ ದನಗಳ ದೊಡ್ಡ ಹೊಟ್ಟೆಯಲ್ಲಿ ಕಣಿಕೆ, ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿವೆ. ಅಲ್ಲಿಯ ರಸಸಾರ (ಪಿ.ಎಚ್.) ಸಾಮಾನ್ಯವಾಗಿ 6ರಿಂದ 7. ರೂಢಿಯಿಲ್ಲದ ದನ ಒಮ್ಮೆಲೇ ಜೋಳ, ಗೋವಿನಜೋಳ, ಹಿಟ್ಟು ಅಥವಾ ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬಹಳ ತಿಂದರೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆಯುತ್ತವೆ. ರಸಸಾರ 5ಕ್ಕಿಂತ ಕೆಳಗಿಳಿಯುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಮೈಯೊಳಗಿನ ನೀರು ಹೊಟ್ಟೆಗೆ ಸೆಳೆದುಕೊಂಡು ರಕ್ತ ಗಟ್ಟಿಯಾಗುತ್ತದೆ. ಇಲ್ಲಿ ಹುಟ್ಟುವ ಆಮ್ಲದ ಒಂದು ಭಾಗ ದೇಹ ಸುಲಭವಾಗಿ ಬಳಸಲಾರದ ಬಗೆಯದು. ಅದು ರಕ್ತದಲ್ಲಿ ಶೇಖರವಾಗುತ್ತದೆ. ದುಡಿಮೆಯ ಲ್ಯಾಕ್ಟೇಟ್ ತಾನೇ ಇಳಿಯುತ್ತದೆ. ಇದು ತಾನಾಗಿ ಇಳಿಯುವುದೆಂದು ಕಾಯುತ್ತ ಕೂಡುವಂತಿಲ್ಲ.

ಸಾಮಾನ್ಯವಾಗಿ 12ರಿಂದ 36 ತಾಸುಗಳಲ್ಲಿ ಲಕ್ಷಣಗಳು ಕಾಣುತ್ತವೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ, ಕಣ್ಣು ಗುಳಿ ಬೀಳುತ್ತವೆ, ಕುಡಿದವರಂತೆ ತೂರಾಡುತ್ತದೆ, ಕೊನೆಗೆ ನೆಲ ಹಿಡಿಯುತ್ತದೆ.

ಆಗ ಮಾಡಬೇಕಾದದ್ದು:

1. ದನ ಕಾಳು ತಿಂದದ್ದು ಗೊತ್ತಾದೊಡನೆ, ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಫೋನು ಮಾಡಬಹುದು.

2. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು ಎಂಬುದನ್ನು ಸರಿಯಾಗಿ ಹೇಳಬೇಕು.

3. ಕಾಳು, ಹಿಂಡಿ ನಿಲ್ಲಿಸಿ ಒಣ ಹುಲ್ಲು ಮಾತ್ರ ಮುಂದಿಡಬೇಕು. ವೈದ್ಯರು ಬರುವವರೆಗೆ ಮನಬಂದಷ್ಟು ನೀರು ಕುಡಿಯಲು ಬಿಡಬಾರದು. ನಡೆಯುವ ಸ್ಥಿತಿಯಲ್ಲಿದ್ದರೆ ನಿಧಾನವಾಗಿ ನಡೆಸಬೇಕು.

4. ಆಮ್ಲ ತಗ್ಗಿಸಲು ಅಡಿಗೆ ಸೋಡಾ ಉಪಯುಕ್ತ. ಆದರೆ ಅಳತೆಯನ್ನು ವೈದ್ಯರಿಂದ ಕೇಳಿಯೇ ಕುಡಿಸಬೇಕು. ಮಲಗಿದ ದನಕ್ಕೆ ಗೊಟ್ಟದಿಂದ ಬಲವಂತವಾಗಿ ಕುಡಿಸಿದರೆ ಔಷಧ ಶ್ವಾಸಕೋಶಕ್ಕೆ ಇಳಿದೀತು.

ತಡೆಯುವುದು ಇದಕ್ಕಿಂತ ಸುಲಭ. ರಾಶಿಯ ಕಾಲದಲ್ಲಿ ಕಣ್ಣಿ, ಗೂಟ ಗಟ್ಟಿಯಾಗಿರಲಿ. ಹೆಚ್ಚು ಕಾಳು ಕೊಡಬೇಕಾದರೆ ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಜೊತೆಗೆ ಕಣಿಕೆ ತಪ್ಪಬಾರದು. ಉಣಕಲ್ಲಿನಂತೆ ನಗರದೊಳಗೆ ಸೇರಿದ ಊರುಗಳಲ್ಲಿ ಎಮ್ಮೆ ಕಟ್ಟಿದವರು ಊಟದ ಮನೆಗಳಿಂದ ತಂದ ಅನ್ನವನ್ನು ಬುಟ್ಟಿಗಟ್ಟಲೆ ಸುರಿಯುವುದನ್ನು ಬಿಡಬೇಕು. ಪುಕ್ಕಟೆ ಸಿಕ್ಕ ಒಂದು ಬುಟ್ಟಿ ಅನ್ನಕ್ಕಾಗಿ ಹಾಲು ಕೊಡುವ ಎಮ್ಮೆಯನ್ನು ಕಳೆದುಕೊಳ್ಳುವುದು ಲಾಭದ ಮಾತಲ್ಲ.