ಫಲಕ್‌ನುಮಾ ಅರಮನೆಯಲ್ಲಿ ಊಟ: ಮೇಜಿನ ಹಿಂದಿನ ಕಥೆ, ಬಿಲ್ಲಿನ ಹಿಂದಿನ ಲೆಕ್ಕ

ತಾಂಡೂರಿನಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರಿಗೆ ವಿಕಾರಾಬಾದ್ ಜಂಕ್ಷನ್ ಹೊಸದಲ್ಲ. ನಾರಾಯಣಪೇಟೆ, ಮಕ್ತಲ್ ಕಡೆಯವರು ಮಹಬೂಬ್‌ನಗರದ ಮೇಲೆ ಕಾಚಿಗುಡಕ್ಕೆ ಹೊರಟರೆ, ಶಹರ ಹತ್ತಿರವಾಗುತ್ತಿದ್ದಂತೆ ಫಲಕ್‌ನುಮಾ ಸ್ಟೇಷನ್ ಸಿಗುತ್ತದೆ. ಈ ಎರಡೂ ಹೆಸರುಗಳ ಹಿಂದೆ ಇರುವವರು ಒಬ್ಬರೇ. ಅವರು ನವಾಬ್ ವಿಕಾರ್-ಉಲ್-ಉಮ್ರಾ. ವಿಕಾರಾಬಾದಿಗೆ ಬಂದದ್ದು ಅವರ ಹೆಸರು. ಫಲಕ್‌ನುಮಾ ಅವರು ಕಟ್ಟಿಸಿದ ಅರಮನೆ.

ಆ ಅರಮನೆ 2010ರಿಂದ ತಾಜ್ ಗುಂಪಿನ ಹೋಟೆಲ್. ದೇಶದ ಅತಿ ದುಬಾರಿ ಊಟದ ಮೇಜುಗಳಲ್ಲಿ ಅಲ್ಲಿನದೂ ಒಂದು. ಮಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಅಪ್ಪ-ಅಮ್ಮನನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಆಸೆ ಗಡಿ ಊರುಗಳ ಮನೆಗಳಲ್ಲಿಯೂ ಹುಟ್ಟುತ್ತದೆ. ಆಸೆಯ ಜೊತೆಗೆ ಅಂಜಿಕೆಯೂ ಇರುತ್ತದೆ. ಒಳಗೆ ಬಿಡುತ್ತಾರೋ ಇಲ್ಲವೋ, ಯಾವ ಚಮಚ ಎತ್ತಬೇಕು, ಬಿಲ್ಲು ಎಷ್ಟಾದೀತು ಎಂಬ ಚಿಂತೆ. ಈ ಅಂಜಿಕೆಗೆ ಕಾರಣವಿಲ್ಲ. ಆ ಮೇಜು ಯಾರ ದುಡ್ಡಿನಿಂದ ಬಂತು ಎಂಬುದು ತಿಳಿದರೆ ಇನ್ನೂ ಕಾರಣವಿಲ್ಲ.

ಹಳ್ಳಿಗಳ ಕಂದಾಯ, ಗುಡ್ಡದ ಮೇಲಿನ ಅರಮನೆ

ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ನಂತರದ ದೊಡ್ಡ ಮನೆತನ ಪೈಗಾ ಅಮೀರರದು. ನಿಜಾಮರಿಗಾಗಿ ಸೈನ್ಯ ಸಾಕುವ ಹೊಣೆ ಈ ಮನೆತನದ ಮೇಲಿತ್ತು. ಅದಕ್ಕೆ ಬದಲಾಗಿ ಅವರಿಗೆ ಜಾಗೀರುಗಳು ಸಿಕ್ಕಿದ್ದವು. ಜಾಗೀರು ಎಂದರೆ ಆ ಹಳ್ಳಿಗಳ ಕಂದಾಯ ಜಾಗೀರುದಾರನ ಪಾಲು. ಪೈಗಾ ಜಾಗೀರುಗಳು ಸಂಸ್ಥಾನದಲ್ಲೆಲ್ಲ ಹರಡಿದ್ದವು. ಈಗ ಬೀದರ್ ಜಿಲ್ಲೆಯಲ್ಲಿರುವ ಚಿಟಗುಪ್ಪವೂ ಪೈಗಾ ತಾಲ್ಲೂಕಾಗಿತ್ತು. ಅಂದರೆ ಜೋಳ, ತೊಗರಿ ಬೆಳೆದ ಕನ್ನಡದ ರೈತರು ಕಟ್ಟಿದ ಕಂದಾಯವೂ ಪೈಗಾ ಖಜಾನೆಗೆ ಸೇರುತ್ತಿತ್ತು.

ವಿಕಾರ್-ಉಲ್-ಉಮ್ರಾ ಇದೇ ಮನೆತನದವರು. 1890ರ ದಶಕದಲ್ಲಿ ಸಂಸ್ಥಾನದ ಪ್ರಧಾನಿಯೂ ಆದರು. ಚಾರ್‌ಮಿನಾರಿನಿಂದ ಸುಮಾರು 5 ಕಿ.ಮೀ. ದೂರದ ಗುಡ್ಡದ ಮೇಲೆ 1884ರಲ್ಲಿ ಅರಮನೆಯ ಕೆಲಸ ಶುರುವಾಗಿ 1893ರ ಹೊತ್ತಿಗೆ ಮುಗಿಯಿತು. ಫಲಕ್ ಎಂದರೆ ಆಕಾಶ. ಫಲಕ್‌ನುಮಾ ಎಂದರೆ ಆಕಾಶದಂಥದು. 32 ಎಕರೆ ಜಾಗ, ಇಟಲಿಯ ಅಮೃತಶಿಲೆ, ಯುರೋಪಿನ ಕಟ್ಟಡ ಶೈಲಿ. ಖರ್ಚು ನವಾಬರ ಕೈಮೀರಿ ಸಾಲವಾಯಿತು ಎಂದು ಹೇಳುತ್ತಾರೆ. 1897ರ ಸುಮಾರಿಗೆ ಅರಮನೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕೈಸೇರಿತು. ನವಾಬರು ಅದನ್ನು ನಜರಾನಾ ಕೊಟ್ಟರು, ನಿಜಾಮರು ಅದರ ಬೆಲೆ ಸಲ್ಲಿಸಿದರು ಎಂಬ ಕಥೆ ಪ್ರಸಿದ್ಧ.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಇದು ಸರಕಾರಿ ಅತಿಥಿಗೃಹವಾಯಿತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರು ಪದ್ಧತಿಯೇ ರದ್ದಾಯಿತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬಂದು ಉಳಿದದ್ದೇ ಹಳೆಯ ಕಾಲದ ಕೊನೆಯ ದೊಡ್ಡ ಆತಿಥ್ಯ. ಆಮೇಲೆ ಅರಮನೆ ದಶಕಗಟ್ಟಲೆ ಬಾಗಿಲು ಹಾಕಿಕೊಂಡಿತ್ತು.

ಅಷ್ಟರಲ್ಲಿ ಹಳ್ಳಿಗಳ ಲೆಕ್ಕವೂ ಬದಲಾಯಿತು. ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ಅವು ತೆಲಂಗಾಣದ ಭಾಗವಾದವು. 2016ರಲ್ಲಿ ವಿಕಾರಾಬಾದೇ ಜಿಲ್ಲೆಯಾಗಿ ತಾಂಡೂರು ಅದರೊಳಗೆ ಬಂತು. ಕಂದಾಯ ಪಡೆದ ಮನೆತನದ ಹೆಸರು ಜಿಲ್ಲೆಯ ಹೆಸರಾಗಿ ಉಳಿದಿದೆ.

101 ಕುರ್ಚಿಗಳ ಮೇಜು

ನಿಜಾಮರ ಕುಟುಂಬದಿಂದ ಅರಮನೆಯನ್ನು ಲೀಸಿಗೆ ಪಡೆದ ತಾಜ್ ಗುಂಪು ಸುಮಾರು ಹತ್ತು ವರ್ಷ ದುರಸ್ತಿ ನಡೆಸಿತು. ನಿಜಾಮ್ ಮನೆತನದ ಸೊಸೆ ರಾಜಕುಮಾರಿ ಎಸ್ರಾ ಈ ಕೆಲಸದ ಉಸ್ತುವಾರಿ ನೋಡಿದರು. 2010ರ ನವೆಂಬರಿನಲ್ಲಿ ಹೋಟೆಲ್ ತೆರೆಯಿತು. ಕೋಣೆಗಳು 60 ಮಾತ್ರ.

ಒಳಗಿನ ದೊಡ್ಡ ಆಕರ್ಷಣೆ ಊಟದ ಸಭಾಂಗಣ. ಅಲ್ಲಿ ಒಂದೇ ಮೇಜಿಗೆ 101 ಮಂದಿ ಕೂಡಬಹುದು. ಮೇಜಿನ ಉದ್ದ ಸುಮಾರು 33 ಮೀಟರು, ಎಂದರೆ 108 ಅಡಿ. ಈ ತುದಿಯಲ್ಲಿ ಮೆಲ್ಲಗೆ ಆಡಿದ ಮಾತು ಆ ತುದಿಗೆ ಕೇಳಿಸುತ್ತದೆ ಎಂಬ ಹೇಳಿಕೆ ಇದೆ. 2017ರ ನವೆಂಬರ್ 28ರಂದು ಜಾಗತಿಕ ಉದ್ಯಮಶೀಲತಾ ಸಮಾವೇಶಕ್ಕೆ ಬಂದಿದ್ದ ಇವಾಂಕಾ ಟ್ರಂಪ್ ಮತ್ತು ಇತರ ಅತಿಥಿಗಳಿಗೆ ಪ್ರಧಾನಿ ನರೇಂದ್ರ ಮೋದಿ ಔತಣ ಕೊಟ್ಟದ್ದು ಇಲ್ಲಿಯೇ.

ಈ ಮೇಜು ದಿನದ ಗಿರಾಕಿಗಳಿಗಲ್ಲ, ವಿಶೇಷ ಔತಣಗಳಿಗೆ. ಉಳಿದವರಿಗೆ ಎರಡು ರೆಸ್ಟೋರೆಂಟುಗಳಿವೆ. 'ಅದಾ'ದಲ್ಲಿ ಹೈದರಾಬಾದಿ ಮತ್ತು ಭಾರತೀಯ ಊಟ. 'ಸೆಲೆಸ್ಟ್'ನಲ್ಲಿ ಇಟಲಿ ಮುಂತಾದ ಯುರೋಪಿನ ಊಟ. ಸಂಜೆಯ ಚಹಾಕ್ಕೆ ಜೇಡ್ ರೂಮ್.

ಒಂದು ಮಾತು ಗಮನಿಸಬೇಕು. ಇಷ್ಟುದ್ದದ ಮೇಜು, ಕುರ್ಚಿ, ಫೋರ್ಕು, ಚಾಕು ಇವು ಹೈದರಾಬಾದಿನ ಹಳೆಯ ಪದ್ಧತಿಯಲ್ಲ. ನೆಲದ ಮೇಲೆ ಇಲ್ಲವೆ ಗಿಡ್ಡ ಚೌಕಿಯ ಮೇಲೆ ಬಟ್ಟೆ ಹಾಸಿ, ಸುತ್ತ ಕುಳಿತು, ಕೈಯಿಂದ ಉಣ್ಣುವ ದಸ್ತರ್‌ಖಾನ್ ಅಲ್ಲಿನ ರೂಢಿ. ಮೇಜು ಬಂದದ್ದು ಯುರೋಪಿನ ಅತಿಥಿಗಳ ಜೊತೆಗೆ. ಹಾಗಾಗಿ ಅಲ್ಲಿ ಬಿರಿಯಾನಿಯನ್ನು ಕೈಯಿಂದ ಉಂಡರೆ ಅವಮಾನವೇನಿಲ್ಲ. ಅದೇ ಮೂಲ ಪದ್ಧತಿ.

ಹೋಗುವ ಮುನ್ನ

ಹಾದಿಹೋಕರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಮೊದಲೇ ಫೋನ್ ಮಾಡಿ ಮೇಜು ಕಾಯ್ದಿರಿಸಬೇಕು. ಆಗಲೇ ನಾಲ್ಕು ವಿಷಯ ಕೇಳಿಕೊಂಡರೆ ಆಮೇಲೆ ತೊಂದರೆಯಿಲ್ಲ.

ಒಂದು, ತಲೆಗೆ ಇಷ್ಟು ಎಂಬ ನಿಗದಿತ ಊಟವೋ, ಬೇಕಾದ್ದನ್ನು ಆರಿಸಿ ತರಿಸಿಕೊಳ್ಳುವುದೋ? ಎರಡು, ಕನಿಷ್ಠ ಖರ್ಚಿನ ಷರತ್ತು ಇದೆಯೇ? ಮೂರು, ಉಡುಪಿನ ನಿಯಮವೇನು? ನಾಲ್ಕು, ಶುದ್ಧ ಶಾಕಾಹಾರಿಗಳಿಗೆ ಏನೇನು ಸಿಗುತ್ತದೆ?

ಉಡುಪಿನ ವಿಷಯದಲ್ಲಿ ಇಂಥ ಹೋಟೆಲುಗಳು ಸಾಮಾನ್ಯವಾಗಿ ಬೇಡವೆನ್ನುವುದು ಚಡ್ಡಿ ಮತ್ತು ಹವಾಯಿ ಚಪ್ಪಲಿ. ಸೀರೆ, ಕುರ್ತಾ-ಪೈಜಾಮ, ಇಸ್ತ್ರಿ ಮಾಡಿದ ಅಂಗಿ-ಪ್ಯಾಂಟು ಸಾಕು. ಕೋಟು, ಟೈ ಬೇಕಿಲ್ಲ. ಧೋತರ ಉಡುವ ಹಿರಿಯರಿದ್ದರೆ ಅದನ್ನೂ ಮೊದಲೇ ಹೇಳಿಟ್ಟರೆ ಬಾಗಿಲಲ್ಲಿ ಮಾತು ಬೆಳೆಯುವುದಿಲ್ಲ. ತಮಿಳುನಾಡಿನಲ್ಲಿ ಪಂಚೆ ಉಟ್ಟವರನ್ನು ಕ್ಲಬ್ಬಿನ ಬಾಗಿಲಲ್ಲಿ ತಡೆದ ಪ್ರಕರಣ ದೊಡ್ಡದಾಗಿ, 2014ರಲ್ಲಿ ಅಂಥ ತಡೆಯ ವಿರುದ್ಧ ಕಾನೂನೇ ಬಂತು. ಹೊಸೂರು, ತಾಳವಾಡಿ, ನೀಲಗಿರಿ ಕಡೆಯವರಿಗೆ ಇದು ನೆನಪಿರಲಿ.

ತಟ್ಟೆಯಲ್ಲಿ ಏನಿರುತ್ತದೆ?

ಹೈದರಾಬಾದಿ ಊಟಕ್ಕೆ ಒಂದು ಕ್ರಮವಿದೆ. ಮೊದಲು ಮರಗ್, ಅದು ಮಟನ್ನಿನ ತೆಳು ಸೂಪು. ಆಮೇಲೆ ಲುಖ್ಮಿ, ಎಂದರೆ ಖೀಮಾ ತುಂಬಿ ಕರಿದ ಚೌಕಾಕಾರದ ತಿಂಡಿ, ಇಲ್ಲವೆ ಶಿಕಂಪುರಿ ಕಬಾಬು. ಬಿಸಿ ಕಲ್ಲಿನ ಮೇಲೆ ಬೇಯಿಸುವ ಪತ್ಥರ್ ಕಾ ಗೋಷ್ತ್ ಈ ಊರಿನ ಹೆಸರಾಂತ ಪದಾರ್ಥ. ನಡುವೆ ಬರುವುದು ಬಿರಿಯಾನಿ. ಕಚ್ಚಿ ಬಿರಿಯಾನಿಯಲ್ಲಿ ಮೊಸರು-ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಪಾತ್ರೆಯ ಬಾಯಿಯನ್ನು ಕಲಸಿದ ಹಿಟ್ಟಿನಿಂದ ಮುಚ್ಚಿ, ಸಣ್ಣ ಉರಿಯಲ್ಲಿ ದಮ್ ಕೊಡುತ್ತಾರೆ. ಆವಿ ಹೊರಗೆ ಹೋಗದೆ ಮಾಂಸ ಮತ್ತು ಅಕ್ಕಿ ಒಟ್ಟಿಗೆ ಬೇಯುತ್ತವೆ. ಕೊನೆಗೆ ಸಿಹಿ: ಒಣ ಜರ್ದಾಳಿನ ಖುಬಾನಿ ಕಾ ಮೀಠಾ, ಬ್ರೆಡ್ಡಿನ ಡಬಲ್ ಕಾ ಮೀಠಾ.

ಶಾಕಾಹಾರಿಗಳ ಬಟ್ಟಲಿಗೆ ಬೀಳುವುದು ಬಘಾರಾ ಬೈಂಗನ್. ಹೆಸರು ದೊಡ್ಡದು, ರುಚಿ ಮನೆಯದು. ಎಳೆ ಬದನೆಕಾಯಿ, ಶೇಂಗಾ, ಎಳ್ಳು, ಒಣ ಕೊಬ್ಬರಿ, ಹುಣಸೆಹುಳಿ. ಕಲಬುರಗಿ, ರಾಯಚೂರು, ತಾಂಡೂರು ಕಡೆ ಜೋಳದ ರೊಟ್ಟಿಯ ಜೊತೆ ಉಣ್ಣುವ ಬದನೆಕಾಯಿ ಎಣ್ಣೆಗಾಯಿಯ ಹತ್ತಿರದ ನೆಂಟ ಅದು. ಅಮ್ಮ ಮೊದಲ ತುತ್ತಿಗೇ ಗುರುತು ಹಿಡಿಯುತ್ತಾಳೆ.

ಚಮಚ, ಚಾಕು, ನಿಂಬೆ ನೀರು

ಪಾಶ್ಚಾತ್ಯ ಊಟದಲ್ಲಿ ತಟ್ಟೆಯ ಎರಡೂ ಬದಿ ಸಾಲಾಗಿ ಇಟ್ಟ ಚಾಕು-ಫೋರ್ಕು ನೋಡಿ ಗಾಬರಿಯಾಗಬೇಕಿಲ್ಲ. ಸೂತ್ರ ಒಂದೇ: ಹೊರಗಿನಿಂದ ಒಳಕ್ಕೆ. ಮೊದಲ ಪದಾರ್ಥಕ್ಕೆ ತೀರ ಹೊರಗಿನ ಜೋಡಿ, ಮುಂದಿನದಕ್ಕೆ ಅದರ ಒಳಗಿನದು. ಎಡಗಡೆಯ ಚಿಕ್ಕ ತಟ್ಟೆ ನಿಮ್ಮ ಬ್ರೆಡ್ಡಿಗೆ, ಬಲಗಡೆಯ ಲೋಟ ನಿಮ್ಮ ನೀರಿಗೆ. ಮಡಿಸಿಟ್ಟ ಬಟ್ಟೆ ತೊಡೆಯ ಮೇಲೆ ಹಾಸಲಿಕ್ಕೆ. ಚಾಕು-ಫೋರ್ಕನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿಟ್ಟರೆ ಊಟ ಮುಗಿಯಿತು ಎಂದರ್ಥ, ಮಾಣಿ ತಟ್ಟೆ ಎತ್ತುತ್ತಾನೆ. ಬಿಡಿಬಿಡಿಯಾಗಿ ಇಟ್ಟರೆ ಇನ್ನೂ ಉಣ್ಣುವುದಿದೆ ಎಂದರ್ಥ. ಕೊನೆಗೆ ನಿಂಬೆ ಹೋಳು ತೇಲುವ ಬಿಸಿನೀರಿನ ಬಟ್ಟಲು ಬಂದರೆ ಅದು ಬೆರಳು ತೊಳೆಯಲಿಕ್ಕೆ, ಕುಡಿಯಲಿಕ್ಕಲ್ಲ.

ತಿಳಿಯದಿದ್ದರೆ ಮಾಣಿಯನ್ನೇ ಕೇಳಬಹುದು. ಹೇಳಿಕೊಡುವುದು ಅವನ ಕೆಲಸದ ಭಾಗ. ತೆಲುಗು, ದಖ್ಖನಿ, ಕನ್ನಡ ಮೂರೂ ಬಲ್ಲ ಗಡಿ ಊರಿನವರಿಗೆ ಹೈದರಾಬಾದಿನಲ್ಲಿ ಭಾಷೆಯ ತೊಡಕಂತೂ ಇಲ್ಲ.

ಬಿಲ್ಲು ಓದುವುದು ಹೇಗೆ?

ಇಲ್ಲಿನ ಊಟಕ್ಕೆ ತಲೆಗೆ ಸಾವಿರಗಟ್ಟಲೆ ರೂಪಾಯಿ. ಅಕ್ಕಿ, ಮಾಂಸ, ಮಸಾಲೆಗೆ ಹೋಗುವುದು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ನೂರು ವರ್ಷ ದಾಟಿದ ಕಟ್ಟಡದ ರಕ್ಷಣೆಗೆ, ತೋಟಕ್ಕೆ, ಮೇಜಿನ ಸುತ್ತ ನಿಂತ ಸಿಬ್ಬಂದಿಗೆ, ಅರಮನೆಯ ಹೆಸರಿಗೆ.

ನೀರು: ಕುಳಿತ ಕೂಡಲೇ ಯಾವ ನೀರು ಎಂದು ಕೇಳುತ್ತಾರೆ. ಬಾಟಲಿ ಒಡೆದರೆ ಬಿಲ್ಲಿಗೆ ಸೇರುತ್ತದೆ. ಹೋಟೆಲುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿನ ದರಕ್ಕೆ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಬೇಡವಾದರೆ ಸಾದಾ ಕುಡಿಯುವ ನೀರು ಎಂದು ಕೇಳಬೇಕು.

ಜಿಎಸ್‌ಟಿ: ಸಾಮಾನ್ಯ ಹೋಟೆಲಿನ ಊಟಕ್ಕೆ 5%. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ರೆಸ್ಟೋರೆಂಟಿನಲ್ಲಿ 18%. ಇದು ತೆರಿಗೆ, ಬಿಡುವಂತಿಲ್ಲ.

ಸರ್ವಿಸ್ ಚಾರ್ಜ್: ಇದು ತೆರಿಗೆಯಲ್ಲ. ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಗಿರಾಕಿಯ ಮೇಲೆ ಹೇರಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಯಾವುದೇ ಹೋಟೆಲಿನ ಬಿಲ್ಲಿನಲ್ಲಿ ಅದು ಕಂಡರೆ ತೆಗೆಯಲು ಹೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಲೆಕ್ಕ ಹೀಗೆ. ಊಟದ ದರ 10,000 ರೂಪಾಯಿ ಎನ್ನಿ. 18% ಜಿಎಸ್‌ಟಿ ಸೇರಿ 11,800. ಅದೇ ಊಟಕ್ಕೆ 10% ಸರ್ವಿಸ್ ಚಾರ್ಜ್ ಹಾಕಿದರೆ ಮೊತ್ತ 11,000, ಅದರ ಮೇಲೆ ಜಿಎಸ್‌ಟಿ ಸೇರಿ 12,980. ಎರಡರ ಅಂತರ 1,180 ರೂಪಾಯಿ. ಸೇವೆ ಇಷ್ಟವಾದರೆ ಮಾಣಿಯ ಕೈಗೆ ನೇರವಾಗಿ ಕೊಡುವುದು ಗಿರಾಕಿಯ ಇಷ್ಟ.

ಮೇಜಿನ ಆಚೆ ಬದಿ

ಮೇಜಿನ ಮುಂದೆ ಕೂಡುವುದಷ್ಟೇ ದಾರಿಯಲ್ಲ, ಹಿಂದೆ ನಿಂತು ಅಡುಗೆ ಮಾಡುವ ದಾರಿಯೂ ಇದೆ. ಇಂಟರ್ ಇಲ್ಲವೆ ಪಿಯುಸಿ ಮುಗಿಸಿದವರು ಎನ್‌ಸಿಎಚ್‌ಎಂ ಪ್ರವೇಶ ಪರೀಕ್ಷೆ ಬರೆದು ಸರಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಸೇರಬಹುದು. ಹೈದರಾಬಾದ್, ಬೆಂಗಳೂರು ಎರಡರಲ್ಲಿಯೂ ಅಂಥ ಸಂಸ್ಥೆಗಳಿವೆ. ಕೆಲಸ ಕಷ್ಟದ್ದು, ದಿನವೆಲ್ಲ ನಿಂತೇ ಇರಬೇಕು, ಹಬ್ಬಕ್ಕೆ ರಜೆ ಸಿಗುವುದು ಅಪರೂಪ. ಆದರೆ ಕೈಗೆ ಹತ್ತಿದ ಕಸಬು ದೇಶದ ಯಾವ ಊರಿನಲ್ಲಿಯೂ ಅನ್ನ ಕೊಡುತ್ತದೆ.

ಜಾಗೀರಿನ ಕಾಲದಲ್ಲಿ ಹಳ್ಳಿಯವರ ಕಂದಾಯ ಪೈಗಾ ಮನೆಗೆ ಹೋಗುತ್ತಿತ್ತು, ಹಳ್ಳಿಯವರಿಗೆ ಆ ಮೇಜಿನ ಕರೆ ಬರುತ್ತಿರಲಿಲ್ಲ. ಈಗ ಮೇಜು ಕಾಯ್ದಿರಿಸಿದವರೆಲ್ಲ ಅತಿಥಿಗಳೇ. ಹೋಗುವುದೋ ಬಿಡುವುದೋ ಅವರವರ ಕಿಸೆಗೆ ಬಿಟ್ಟದ್ದು. ಹೋದವರು ಕುರ್ಚಿ ಎಳೆದುಕೊಂಡು ನೆಟ್ಟಗೆ ಕುಳಿತು ಉಣ್ಣಲಿ, ಬಿಲ್ಲನ್ನು ಓದಿ ದುಡ್ಡು ಕೊಡಲಿ.