ಕಲ್ಪೇನಿಯಲ್ಲಿ ಗಾಳಿ ಒಟ್ಟಿದ ಏರಿ

ಕಾಲಿಟ್ಟ ಕೂಡಲೇ ಕಲ್ಲು ಕಿಣಿಗುಟ್ಟಿತು. ನಮ್ಮ ಕಡೆಯ ಕರಿಬಂಡೆಯಾಗಲಿ ಮುರಕಲ್ಲಾಗಲಿ ಹೀಗೆ ಸದ್ದು ಮಾಡುವುದಿಲ್ಲ. ಕುಂಬಾರರ ಮನೆ ಹಿತ್ತಿಲಲ್ಲಿ ಒಡಕು ಮಡಕೆಗಳ ರಾಶಿ ಹತ್ತಿದ ಹಾಗೆ, ಹೆಜ್ಜೆಗೊಂದು ಕಿಣಿ. ಬಗ್ಗಿ ಒಂದು ತುಂಡು ಎತ್ತಿಕೊಂಡೆ. ಹೊರಮೈ ಬಿಸಿಲಿಗೂ ಮಳೆಗೂ ಬೂದಿಗಪ್ಪಾಗಿತ್ತು. ಮುರಿದ ಬದಿಯಲ್ಲಿ ಮಾತ್ರ ಬಿಳುಪು ಉಳಿದಿತ್ತು. ಆ ಬಿಳುಪಿನ ತುಂಬ ಸಾಸಿವೆಗಿಂತ ಸಣ್ಣ ತೂತುಗಳು, ಒಂದೊಂದು ತೂತೂ ಪುಟ್ಟ ನಕ್ಷತ್ರ. ಒಂದು ಕಾಲಕ್ಕೆ ಒಂದೊಂದರಲ್ಲೂ ಒಂದೊಂದು ಹವಳದ ಹುಳ ಕೂತಿತ್ತು.

ಕಲ್ಪೇನಿ ದ್ವೀಪದ ಪೂರ್ವ ಮತ್ತು ಆಗ್ನೇಯ ಅಂಚಿನ ಉದ್ದಕ್ಕೂ ಈ ಕಲ್ಲಿನ ಏರಿ ಇದೆ. ಕೆರೆಗೆ ಕಟ್ಟಿದ ಏರಿಯಂತೆಯೇ ಕಾಣುತ್ತದೆ, ಯಾರೋ ಕೂಲಿ ಕೊಟ್ಟು ಕಟ್ಟಿಸಿರಬೇಕು ಅನ್ನಿಸುತ್ತದೆ. ಯಾರೂ ಕಟ್ಟಿಸಿದ್ದಲ್ಲ. 1847ರ ಏಪ್ರಿಲ್‌ನಲ್ಲಿ ಬಂದ ಚಂಡಮಾರುತ ಕಡಲೊಳಗಿನ ಹವಳದ ದಿಬ್ಬವನ್ನು ಒಡೆದು, ಬಂಡೆ ಬಂಡೆಯಾಗಿ ಎತ್ತಿ ದಡಕ್ಕೆ ಒಗೆದು ಹೋದದ್ದು. ಒಗೆದ ಕಲ್ಲು ಒಗೆದಲ್ಲೇ ಇದೆ.

ನಾನು ಕಲ್ಪೇನಿಯಲ್ಲಿ ಇದ್ದದ್ದು ಒಂದೇ ಹಗಲು. ಕೊಚ್ಚಿಯಿಂದ ‘ಎಂವಿ ಕವರತ್ತಿ’ ಹಡಗು ಹತ್ತಿದರೆ ಐದು ದಿನದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ತೋರಿಸಿ ತರುವ ಪ್ಯಾಕೇಜು ಇದೆ. ಬೆಳಿಗ್ಗೆ ಹಡಗು ದೂರದಲ್ಲೇ ನಿಲ್ಲುತ್ತದೆ. ಅದರ ಪಕ್ಕೆಯ ಬಾಗಿಲಿನಿಂದ ಏರಿಳಿಯುವ ದೋಣಿಗೆ ಜಿಗಿಯಬೇಕು. ಇಬ್ಬರು ದ್ವೀಪದ ಹುಡುಗರು ತೋಳು ಹಿಡಿದು, ಅಲೆ ಮೇಲೆ ಬಂದ ಕ್ಷಣ ನೋಡಿ, ಅಕ್ಕಿಮೂಟೆ ಇಳಿಸಿದಂತೆ ನಮ್ಮನ್ನು ಇಳಿಸುತ್ತಾರೆ. ಸಂಜೆ ಮತ್ತೆ ಹಾಗೆಯೇ ಏರಿಸುತ್ತಾರೆ. ಅಷ್ಟರೊಳಗೆ ಕೂಮೇಲ್ ತೀರದಲ್ಲಿ ಎಳನೀರು, ದೀಪಸ್ತಂಭ, ಒಳಗಡಲಿನಲ್ಲಿ ಸ್ನಾರ್ಕೆಲಿಂಗ್, ಟ್ಯೂನಾ ಸಾರಿನ ಊಟ, ಬನಿಯನ್ ಕಾರ್ಖಾನೆ. ಹೌದು, ಬನಿಯನ್ ಕಾರ್ಖಾನೆ. ಅರಬ್ಬಿ ಸಮುದ್ರದ ನಡುವೆ ಬಂದವರಿಗೆ ಬನಿಯನ್ ಹೊಲಿಯುವುದನ್ನು ಯಾಕೆ ತೋರಿಸುತ್ತಾರೋ, ಏರಿಯನ್ನು ಯಾಕೆ ತೋರಿಸುವುದಿಲ್ಲವೋ. ನಾನು ಬನಿಯನ್ ಬಿಟ್ಟು ಏರಿ ಕಡೆ ನಡೆದೆ. ಗೈಡ್ ಹುಡುಗನಿಗೆ ಅಷ್ಟು ಇಷ್ಟವಾಗಲಿಲ್ಲ. “ಅಲ್ಲಿ ಬರೀ ಕಲ್ಲು ಸಾರ್” ಎಂದ.

ಕರಪತ್ರದಲ್ಲಿ ಇರುವುದನ್ನು ಬೇಗ ಹೇಳಿಬಿಡುತ್ತೇನೆ. ಲಕ್ಷದ್ವೀಪದಲ್ಲಿ 36 ದ್ವೀಪ, ಜನ ಇರುವುದು ಹತ್ತರಲ್ಲಿ, ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್. ಕಲ್ಪೇನಿಯ ಪಾಲಿಗೆ ಅದರಲ್ಲಿ ಮೂರು ಚದರ ಕಿಲೋಮೀಟರೂ ಇಲ್ಲ. 2011ರ ಗಣತಿಯಲ್ಲಿ ಸುಮಾರು 4,400 ಜನ. ದ್ವೀಪಗಳು ಕಣ್ಣೂರಿನ ಅರಕ್ಕಲ್ ಅರಸು ಮನೆತನದ ಕೈಯಲ್ಲಿದ್ದವು. 1787ರಲ್ಲಿ ಅಮಿನಿ ಕಡೆಯ ದ್ವೀಪಗಳು ಟಿಪ್ಪುವಿನ ಕೈಗೆ ಬಂದವು, ಅವನ ನಂತರ ಇಂಗ್ಲಿಷರಿಗೆ. ಹಾಗಾಗಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್‌ಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲೇ ಇದ್ದವು. ಕಲ್ಪೇನಿ ಮಲಬಾರಿನ ಲೆಕ್ಕದಲ್ಲಿತ್ತು. 1956ರಲ್ಲಿ ಎಲ್ಲವೂ ಕೇಂದ್ರಾಡಳಿತ ಪ್ರದೇಶವಾಗಿ, 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು. ಇಷ್ಟು ಸಾಕು.

ಏರಿಯ ಒಳಬದಿಗೆ, ತೆಂಗಿನ ನೆರಳಿನಲ್ಲಿ, ಒಬ್ಬ ಅಜ್ಜಿ ತೆಂಗಿನ ಸಿಪ್ಪೆ ಬಡಿಯುತ್ತಿದ್ದರು. ಮಗ್ಗುಲಲ್ಲಿ ಒದ್ದೆ ಸಿಪ್ಪೆಯ ಗುಡ್ಡೆ, ಎದುರಿಗೆ ಚಪ್ಪಟೆ ಕಲ್ಲು, ಕೈಯಲ್ಲಿ ಮೊಳದುದ್ದದ ಮರದ ಕೊಡತಿ. ಒಂದು ಸಿಪ್ಪೆಗೆ ಏಳೆಂಟು ಪೆಟ್ಟು, ಮಗುಚಿ ಮತ್ತೆ ನಾಲ್ಕು, ಆಮೇಲೆ ಕೊಡವಿದರೆ ಹೊಟ್ಟು ಉದುರಿ ಬಂಗಾರ ಬಣ್ಣದ ನಾರು. ಎರಡು ಎಳೆ ತೊಡೆಯ ಮೇಲಿಟ್ಟು ಅಂಗೈಯಲ್ಲಿ ಒಂದು ಸಲ ಮುಂದಕ್ಕೆ ತೀಡಿ, ಬಿಟ್ಟು ಹಿಂದಕ್ಕೆ ಎಳೆದರು. ಅಷ್ಟೇ, ಹುರಿಯಾಗಿತ್ತು. ನನ್ನ ಊರು ತಲಪಾಡಿ ಗಡಿಯಾದ್ದರಿಂದ ಮಲಯಾಳ ಬರುತ್ತದೆ; ಇವರಾಡುವ ಜಸರಿ ಅರ್ಧ ಅರ್ಥವಾಯಿತು, ಇನ್ನರ್ಧವನ್ನು ಬ್ಯಾರಿ ಭಾಷೆಯ ಪರಿಚಯದಿಂದ ಊಹಿಸಿದೆ. “ಉಮ್ಮಾ, ಸಿಪ್ಪೆ ಎಲ್ಲಿ ನೆನೆಹಾಕುತ್ತೀರಿ?” ಎಂದು ಕೇಳಿದ್ದೇ ತಪ್ಪಾಯಿತು. ಮುಕ್ಕಾಲು ಗಂಟೆ ಅವರೇ ಮಾತಾಡಿದರು.

ಒಳಗಡಲಿನ ಅಂಚಿನ ಮರಳಿನಲ್ಲಿ ಹೊಂಡ ತೋಡಿ, ಸಿಪ್ಪೆ ತುಂಬಿ, ಮೇಲೆ ಕಲ್ಲು ಹೇರಬೇಕು. ದಿನಕ್ಕೆರಡು ಸಲ ಉಬ್ಬರದ ನೀರು ಬಂದು ತೊಳೆದು ಹೋಗುತ್ತದೆ. ಹಾಗೆ ಒಂದು ವರ್ಷದ ಹತ್ತಿರ ಬಿಡಬೇಕು. ಅವರ ತಾಯಿಯ ಕಾಲದಲ್ಲಿ ಪ್ರತಿ ಮನೆಗೂ ಇಂತಿಷ್ಟು ಹೊಂಡ, ಯಾರ ಹೊಂಡ ಎಲ್ಲಿ ಎಂಬುದು ಹೆಂಗಸರಿಗೆ ಮಾತ್ರ ಗೊತ್ತು. ಹೊಸೆದ ಹುರಿ ಗಂಡಸರ ಕೈಗೆ, ಓಡಕ್ಕೆ, ದೊಡ್ಡ ಕರೆಗೆ. ದೊಡ್ಡ ಕರೆ ಅಂದರೆ ಆಚೆಯ ಮುಖ್ಯ ಭೂಭಾಗ, ಓಡ ಅಂದರೆ ಹಾಯಿಹಡಗು. ಒಂದು ಮೊಳೆಯೂ ಇಲ್ಲದೆ, ಹಲಗೆಗೆ ಹಲಗೆಯನ್ನು ಇದೇ ಹುರಿಯಿಂದ ಹೊಲಿದು ಮಾಡಿದ್ದು. ಹೋಗುವಾಗ ಹುರಿ, ಬೆಲ್ಲ, ಒಣಗಿಸಿದ ಟ್ಯೂನಾ, ಬರುವಾಗ ಅಕ್ಕಿ. ಅರಸರ ಕಾಲಕ್ಕೆ ಹುರಿಯನ್ನು ಬೇರೆ ಯಾರಿಗೂ ಮಾರುವಂತಿರಲಿಲ್ಲ. ಅವರು ಇಟ್ಟದ್ದೇ ಬೆಲೆ, ಅದೂ ಅಕ್ಕಿಯ ಲೆಕ್ಕದಲ್ಲಿ. ಈಗ ನಾರು ತೆಗೆಯುವ ಯಂತ್ರ ಬಂದಿದೆ. ಅಜ್ಜಿಯ ಸೊಸೆ ಟೀಚರು. ಮೊಮ್ಮಗಳು ಕೊಚ್ಚಿಯಲ್ಲಿ ಓದುತ್ತಿದ್ದಾಳೆ. “ಇದನ್ನು ಯಾಕೆ ಬಡಿಯುತ್ತೀ, ಕೈನೋವು ಅನ್ನುತ್ತೀ ಅಂತ ಬೈತಾರೆ ಮೋನೆ” ಎಂದು ನಕ್ಕರು. ಅವರ ಅಂಗೈ ಮುಟ್ಟಿ ನೋಡಿದೆ, ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು.

ಏರಿಯ ವಿಷಯ ತೆಗೆದೆ. ಇಸವಿ ಅವರಿಗೆ ಗೊತ್ತಿಲ್ಲ. ದೊಡ್ಡ ಗಾಳಿ ಅಂದರು, ಅಷ್ಟೇ. ಬಾವಿಗಳಿಗೆ ಕಡಲು ನುಗ್ಗಿತು, ನೀರಿಲ್ಲದೆ ಸತ್ತವರು ಗಾಳಿಗೆ ಸತ್ತವರ ಹಿಂದೆಯೇ ಹೋದರು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಬಾಯಿಮಾತು ಎಂದು ತಳ್ಳಿಹಾಕುವಂತಿಲ್ಲ, ಈಸ್ಟ್ ಇಂಡಿಯಾ ಕಂಪನಿಯವರ ದಾಖಲೆಯೂ ಇದನ್ನೇ ಹೇಳುತ್ತದೆ. ಆಗ ಕಲ್ಪೇನಿಯಲ್ಲಿ ಇದ್ದವರು 1,642 ಮಂದಿ. ಅಲೆಗೆ ಸಿಕ್ಕಿ ಹೋದವರು 246. ಮುಂದಿನ ಐದು ತಿಂಗಳಲ್ಲಿ ಹೊಟ್ಟೆಗಿಲ್ಲದೆ, ಹೊಟ್ಟೆ ಕೆಟ್ಟು ಸತ್ತವರು 112. ದೊಡ್ಡ ಕರೆಗೆ ಓಡಿದವರು 376. ದ್ವೀಪದಲ್ಲಿ ಉಳಿದವರು 908.

ಬಾವಿ ಕೆಟ್ಟರೆ ಇಲ್ಲಿ ಯಾಕೆ ಸಾವು ಎಂಬುದಕ್ಕೆ ನೆಲವನ್ನು ಸ್ವಲ್ಪ ನೋಡಬೇಕು. ಹೊಳೆಯಿಲ್ಲ, ತೊರೆಯಿಲ್ಲ, ಗುಡ್ಡವಿಲ್ಲ. ಹವಳದ ಪುಡಿಯಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ, ಹಾಲಿನ ಮೇಲಿನ ಕೆನೆಯಂತೆ ತೇಲುತ್ತಿರುತ್ತದೆ. ಬಾವಿ ಅಂದರೆ ಆ ಕೆನೆಗೆ ಚಮಚ ಹಾಕಿದ ಹಾಗೆ. ಒಂದು ಸಲ ಮೇಲಿನಿಂದ ಕಡಲು ಹೊಕ್ಕರೆ, ಮಳೆಗಾಲ ಬಂದು ತೊಳೆಯುವ ತನಕ ಕುಡಿಯಲು ಏನೂ ಇಲ್ಲ. ತೆಂಗೂ ಉರುಳಿದ್ದರೆ ಎಳನೀರೂ ಇಲ್ಲ. ಆ ಗಾಳಿಯ ಪರಿಹಾರಕ್ಕೆ ಕಂಪನಿ ಕೊಟ್ಟ ಹಣ ಅರಸು ಮನೆತನದ ಮೇಲೆ ಸಾಲವಾಗಿ ನಿಂತು, ಬಾಕಿ ಬೆಳೆದು, ಕಡೆಗೆ 1875ರಲ್ಲಿ ಅರಸರಿಗೆ ಉಳಿದಿದ್ದ ದ್ವೀಪಗಳ ಆಡಳಿತವೂ ಇಂಗ್ಲಿಷರ ಕೈಗೆ ಹೋಯಿತು.

ಏರಿಯ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಕಡಲು ಕೂಡಲೇ ಕಡುನೀಲಿ, ಆಳ. ಹಿಂದಕ್ಕೆ ತಿರುಗಿದರೆ ದ್ವೀಪದ ಆಚೆಗೆ ಪಚ್ಚೆಬಣ್ಣದ ಒಳಗಡಲು, ಅಗಲವಾದ ಕಡೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅದರ ಅಂಚಿಗೆ ಬಿಳಿ ನೊರೆಯ ಗೆರೆ. ಆ ಗೆರೆ ಇರುವಲ್ಲಿ ಹವಳದ ದಿಬ್ಬ. ಮುಂಗಾರಿನ ಅಲೆ ಒಡೆದು ಪುಡಿಯಾಗುವುದು ಅಲ್ಲಿ. ಒಳಗೆ ಬರುವಷ್ಟರಲ್ಲಿ ಅದರ ಸೊಕ್ಕೆಲ್ಲ ಇಳಿದಿರುತ್ತದೆ. ನೆಲ ಇರುವುದು ಕಡಲಿಗಿಂತ ಒಂದೆರಡು ಮೀಟರ್ ಎತ್ತರದಲ್ಲಿ. ದಿಬ್ಬವಿಲ್ಲದಿದ್ದರೆ ಕಲ್ಪೇನಿಯೂ ಇಲ್ಲ. ಚಂಡಮಾರುತ ಹಿಂದೆಯೂ ಬಂದಿದೆ, ಹವಳ ಮುರಿದಿದೆ, ಮುರಿದದ್ದು ದಡಕ್ಕೆ ಬಿದ್ದು ನೆಲವಾಗಿದೆ, ಕಡಲೊಳಗೆ ಹವಳ ಮತ್ತೆ ಬೆಳೆದಿದೆ. ದ್ವೀಪ ಹುಟ್ಟಿದ್ದೇ ಈ ಒಡೆಯುವ ಬೆಳೆಯುವ ವ್ಯವಹಾರದಿಂದ. 246 ಜನರನ್ನು ಕೊಂದ ಗಾಳಿ ಒಟ್ಟಿದ ಏರಿಯೇ ಇವತ್ತು ಪೂರ್ವದ ಅಲೆಗೆ ಅಡ್ಡ ನಿಂತಿದೆ.

ಲೆಕ್ಕ ತಪ್ಪುತ್ತಿರುವುದು ಈಗ. ಗಾಳಿಗಳು ಹೆಚ್ಚಿವೆ: ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಪ್ರಕಾರ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಅದಕ್ಕೆ ಹಿಂದಿನ ಅವಧಿಗಿಂತ ಶೇ 52ರಷ್ಟು ಏರಿದೆ. 2017ರ ಓಖಿ ಕಲ್ಪೇನಿಯನ್ನೂ ಬಡಿಯಿತು. ಆಗ ಕೇರಳ, ತಮಿಳುನಾಡಿನ ಮೀನುಗಾರರು ದಿಕ್ಕು ತಪ್ಪಿ ಈ ದ್ವೀಪಗಳಿಗೆ ಬಂದು ಸೇರಿದ್ದರು. 2019ರಲ್ಲಿ ಮಹಾ. 2021ರ ಮೇ 14ರಂದು ಲಕ್ಷದ್ವೀಪದ ಮೇಲೆ ಬಲಿತ ತೌಕ್ತೆ ಮರುದಿನವೇ ನಮ್ಮ ಸೋಮೇಶ್ವರ, ಉಚ್ಚಿಲದ ಮನೆಗಳ ಗೋಡೆ ತಿಂದದ್ದು ನನಗೇ ಗೊತ್ತು. ಕಡಲಿಗೆ ಕಲ್ಲು ಸುರಿಯುವ ಲಾರಿಗಳು ಅಂದಿನಿಂದ ನಿಂತೇ ಇಲ್ಲ.

ಆದರೆ ಗಾಳಿ ಬರುವ ಮೊದಲೇ ಹವಳ ಸಾಯುತ್ತಿದ್ದರೆ? ನೀರು ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳದ ಹುಳ ತನ್ನೊಳಗೆ ಸಾಕಿಕೊಂಡ ಪಾಚಿಯನ್ನು ಹೊರಗೆ ಹಾಕುತ್ತದೆ. ಅದರ ಬಣ್ಣವೂ ಬಹುಪಾಲು ಅನ್ನವೂ ಆ ಪಾಚಿಯದೇ. ಬಿಳಿಚಿಕೊಂಡು ಉಪವಾಸ ಬೀಳುತ್ತದೆ. ಬೇಗ ತಂಪಾದರೆ ಬದುಕೀತು. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು, 2024ರಲ್ಲಿ ಮತ್ತೆ ಆಯಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಹವಳ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಜೊತೆಗಾರರು 24 ವರ್ಷ ಮುಳುಗಿ ಎಣಿಸಿದ ಪ್ರಕಾರ, 1998ರಲ್ಲಿ ದಿಬ್ಬದ ಶೇ 37ರಷ್ಟಿದ್ದ ಜೀವಂತ ಹವಳ ಶೇ 19ರ ಆಸುಪಾಸಿಗೆ ಇಳಿದಿದೆ. ಅವರ ಎಣಿಕೆಯಲ್ಲಿ ಕಲ್ಪೇನಿ ಇಲ್ಲ. ನಾನು ಇಲ್ಲಿ ಮುಖವಾಡ ಹಾಕಿ ನೀರಿಗಿಳಿದಾಗ ಒಂದು ಕಡೆ ಗಿಣಿಮೀನು ಕಟಕಟನೆ ಕಚ್ಚುತ್ತಿದ್ದ ಹವಳದ ಗುಂಡು ಕಂಡಿತು, ಅದರ ಪಕ್ಕದಲ್ಲೇ ಪಾಚಿ ಹತ್ತಿದ ಸತ್ತ ಕೊಂಬೆಗಳ ಒಟ್ಟಿಲು. ಒಂದು ಮುಳುಗಿಗೆ ಕಂಡದ್ದರಿಂದ ಹೆಚ್ಚೇನೂ ಹೇಳಲಾರೆ. ಗೈಡ್ ಹುಡುಗನಿಗೆ ಜೀವಂತ ಇದ್ದ ಕಡೆಗಳೆಲ್ಲ ಬಾಯಿಪಾಠ. ಪ್ರವಾಸಿಗಳನ್ನು ಅಲ್ಲಿಗೇ ಕರೆದೊಯ್ಯುತ್ತಾನೆ.

“ಕಡಲಿಗೆ ಈಗ ಸಿಮೆಂಟಿನ ಮುಕ್ಕಾಲಿ ಹಾಕ್ತಾರೆ” ಎಂದು ಅಜ್ಜಿ ತಕರಾರು ತೆಗೆದರು. ನಾಲ್ಕು ಕಾಲಿನ ಟೆಟ್ರಾಪಾಡನ್ನು ಅವರು ಮುಕ್ಕಾಲಿ ಮಾಡಿದ್ದರು. ದ್ವೀಪದಲ್ಲಿ ಸಿಮೆಂಟೂ ಇಲ್ಲ, ಜಲ್ಲಿಯೂ ಇಲ್ಲ. ಎಲ್ಲ ದೊಡ್ಡ ಕರೆಯಿಂದ ಹಡಗಿನಲ್ಲೇ ಬರಬೇಕು. ನಮ್ಮ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ಜಲ್ಲಿ, ಸಿಮೆಂಟು, ತರಕಾರಿ ಹೇರಿಕೊಂಡು ಈ ದ್ವೀಪಗಳ ಕಡೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಜಲ್ಲಿ ಕಡಲನ್ನು ತಡೆಯಲಿಕ್ಕೂ ಹೋಗುತ್ತಿರಬಹುದೆಂದು ಹೊಳೆದಿರಲಿಲ್ಲ. ಅಜ್ಜಿಯ ತಕರಾರು ಮುಕ್ಕಾಲಿಗಳು ಬೇಡ ಎಂದಲ್ಲ. ಅವರ ಮನೆಯ ಹೊಂಡಗಳಿದ್ದ ಜಾಗದ ಮೇಲೆಯೇ ಅವನ್ನು ಇಳಿಸಿದ್ದಾರೆ ಎಂಬುದು ಅವರ ಸಿಟ್ಟು. ಕಡೆಯ ಸಲ ತುಂಬಿದ ಸಿಪ್ಪೆ ಇನ್ನೂ ಅದರಡಿ ಇದೆಯಂತೆ.

ನಾಲ್ಕೂವರೆಗೆ ಸೀಟಿ ಊದಿದರು. ಚೀಲಕ್ಕೆ ಸೇರಿಸಿದ್ದ ಹವಳದ ತುಂಡನ್ನು ಗೈಡ್ ಹುಡುಗ ಕೈಯೊಡ್ಡಿ ವಾಪಸು ಇಸಿದುಕೊಂಡ. ಇಲ್ಲಿಂದ ಸತ್ತ ಹವಳವನ್ನೂ ಒಯ್ಯುವಂತಿಲ್ಲ, ಕಾನೂನಿದೆ. ಅದು ಸರಿಯೇ. ಅವನು ಅದನ್ನು ಏರಿಯ ಕಡೆ ಎಸೆದ. ಅಜ್ಜಿ ಕೊಟ್ಟ ಎರಡು ಮಾರು ಹುರಿ ಮಾತ್ರ ನನ್ನ ಹತ್ತಿರ ಉಳಿಯಿತು. ದುಡ್ಡು ಬೇಡವೆಂದರು, ಬದಲಿಗೆ ಒಂದು ಪ್ರಶ್ನೆ ಕೇಳಿದರು. ಮಂಗಳೂರಿನಲ್ಲಿ ಈಗ ಹುರಿಗೆ ಏನು ರೇಟು? ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ.

ಮೊನ್ನೆ ಬಂದರಿನಲ್ಲಿ ಹಗ್ಗದಂಗಡಿಗೆ ಹೋಗಿ ಆ ಹುರಿ ತೋರಿಸಿದೆ. ಅಂಗಡಿಯವರು ಅದನ್ನು ಮೂಗಿನ ಹತ್ತಿರ ಹಿಡಿದರು, ಎಳೆದು ನೋಡಿದರು, ಉಗುರಿನಿಂದ ಎಳೆ ಬಿಡಿಸಿದರು. “ಕೈಯಲ್ಲಿ ಹೊಸೆದದ್ದಲ್ವಾ? ಇದು ಈಗ ಬರುವುದಿಲ್ಲ ಮಾರಾಯ್ರೇ” ಎಂದರು. ರೇಟು ಕೇಳಿದೆ. ಬರದೇ ಇರುವುದಕ್ಕೆ ಎಂಥ ರೇಟು ಎಂದು ನಕ್ಕು, ನೈಲಾನಿನ ಉಂಡೆ ಕೆಳಗಿಳಿಸಿದರು.