ಒಂದು ಋತು ಮುಂಚೆ: ಭೀಮೆಯ ಬಯಲಿನಲ್ಲಿ ಮನೆಯ ವರ್ಷ

ಪುಣೆಯಿಂದ ಸೊಲ್ಲಾಪುರದ ಕಡೆಗೆ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಸುಮಾರು 80 ಕಿಲೋಮೀಟರ್ ಸಾಗಿದರೆ ದೌಂಡ್ ತಾಲ್ಲೂಕಿನ ಕುರಕುಂಭ ಸಿಗುತ್ತದೆ. ಫಿರಂಗಾಈ ದೇವಿಯ ಗುಡಿ, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ವಸಾಹತು, ಸುತ್ತಲೂ ಜೋಳದ ಮತ್ತು ಕಬ್ಬಿನ ಹೊಲಗಳು. ಇದೇ ಹೆದ್ದಾರಿ ಸೊಲ್ಲಾಪುರ ದಾಟಿ ಬಸವಕಲ್ಯಾಣಕ್ಕೆ, ಹುಮನಾಬಾದಿಗೆ ಹೋಗುತ್ತದೆ. ಹತ್ತಿರದ ದೌಂಡ್ ಜಂಕ್ಷನ್ನಿನಲ್ಲಿ ರೈಲು ಹತ್ತಿದವರು ಕಲಬುರಗಿ, ವಾಡಿ, ರಾಯಚೂರಿನಲ್ಲಿ ಇಳಿಯಬಹುದು. ಈ ಹಳಿ ರಾಯಚೂರನ್ನು ಮುಟ್ಟಿದ್ದು 1871ರಲ್ಲಿ. ಭೀಮಾ ನದಿಯ ದಾರಿಯೂ ಅದೇ. ಭೀಮಾಶಂಕರದಲ್ಲಿ ಹುಟ್ಟಿ, ದೌಂಡಿನ ಮಗ್ಗುಲಲ್ಲಿ ಹರಿದು, ಪಂಢರಪುರ ದಾಟಿ, ವಿಜಯಪುರ ಮತ್ತು ಕಲಬುರಗಿಯ ನೆಲ ತೋಯಿಸಿ, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ.

ಹಾಗಾಗಿ ಕಲಬುರಗಿ, ಬೀದರ, ವಿಜಯಪುರದ ಕಡೆಯಿಂದ ದುಡಿಮೆಗಾಗಿ ಇತ್ತ ಬಂದು ಮನೆ ಹೂಡಿದವರಿಗೆ ಊರು ಬದಲಾದರೂ ಋತು ಬದಲಾಗುವುದಿಲ್ಲ. ಅದೇ ಕಪ್ಪು ನೆಲ, ಅದೇ ಹಿಂಗಾರಿ ಜೋಳ, ಅದೇ ಕಡಿಮೆ ಮಳೆ. ಸಹ್ಯಾದ್ರಿಯ ನೆತ್ತಿಯ ಲೋನಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಘಟ್ಟದ ಮರೆಯಲ್ಲಿರುವ ದೌಂಡ್ ಬಯಲಿಗೆ ಸಿಗುವುದು 500ರ ಆಸುಪಾಸು. ಯುಗಾದಿ ಮತ್ತು ಮರಾಠಿಗರ ಗುಢೀಪಾಡವಾ ಒಂದೇ ದಿನ, ಏಕೆಂದರೆ ಎರಡೂ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ.

ಇಂಥ ಬಯಲಿನಲ್ಲಿ ಸಂಸಾರ ನಡೆಸಿದವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ನಿಯಮ ಒಂದೇ: ಮನೆಯ ಕೆಲಸ ಯಾವಾಗಲೂ ಒಂದು ಋತು ಮುಂದಿರಬೇಕು. ಬಿಸಿಲಿನಲ್ಲಿ ಮಳೆಗಾಲದ ಊಟ ಸಿದ್ಧವಾಗಬೇಕು, ಮಳೆಯಲ್ಲಿ ಚಳಿಗಾಲದ ಬಿತ್ತನೆಯ ಯೋಚನೆ ನಡೆಯಬೇಕು, ಚಳಿಯಲ್ಲಿ ಬೇಸಿಗೆಯ ನೀರಿನ ಲೆಕ್ಕ ಹಾಕಬೇಕು. ಈ ನಿಯಮದ ಹಿಂದಿರುವ ವಿಜ್ಞಾನವನ್ನು ಈ ಅಧ್ಯಾಯದಲ್ಲಿ ನೋಡೋಣ.

ಬೇಸಿಗೆ: ಕಾಳು ತುಂಬುವ ಕಾಲ

ಹಿಂಗಾರಿ ಜೋಳ ಕೊಯ್ಲಿಗೆ ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಯುಗಾದಿಯ ಹೊತ್ತಿಗೆ ಹೊಸ ಜೋಳ ಪೇಟೆಗೆ ಬಂದಿರುತ್ತದೆ. ಈ ಬಯಲಿನ ಎಲ್ಲ ಮನೆಗಳೂ ಬಯಸುವ ಮಾಲದಂಡಿ ಜೋಳ ಸೊಲ್ಲಾಪುರ ಜಿಲ್ಲೆಯ ಮೊಹೋಳದ್ದು. ಅಲ್ಲಿನ ನಾಟಿ ಜೋಳದಿಂದ ಆಯ್ದ ಎಂ 35-1 ಎಂಬ ತಳಿ 1930ರ ದಶಕದಿಂದ ಇಂದಿನವರೆಗೂ ಹೊಲದಲ್ಲಿ ನಿಂತಿದೆ.

ವರ್ಷದ ಜೋಳ ಒಮ್ಮೆಗೇ ಕೊಳ್ಳುವವರು ಮೊದಲು ನೋಡಬೇಕಾದದ್ದು ತೇವ. ಕಾಳನ್ನು ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಒಡೆಯಬೇಕು. ಮೆತ್ತಗೆ ಅದುಮಿದರೆ ಇನ್ನೂ ಬಿಸಿಲು ಬೇಕು ಎಂದರ್ಥ. ತೇವ ಶೇಕಡಾ 12ಕ್ಕಿಂತ ಕೆಳಗಿಳಿದ ಕಾಳಿಗೆ ಬೂಷ್ಟು ಹಿಡಿಯುವುದಿಲ್ಲ, ಹುಳುವಿನ ವಂಶವೂ ನಿಧಾನವಾಗುತ್ತದೆ. ಏಪ್ರಿಲಿನ ಕಡುಬಿಸಿಲಿಗೆ ತೆಳ್ಳಗೆ ಹರವಿದ ಕಾಳಿನ ಮೈ ಕಾದಾಗ ಒಳಗಿನ ಹುಳು, ಮೊಟ್ಟೆಗಳೂ ಬಹುಮಟ್ಟಿಗೆ ಸಾಯುತ್ತವೆ. ಒಣಗಿದ ಕಾಳನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಬಾರದು. ಪೂರ್ತಿ ಆರಿದ ಮೇಲೆ, ಒಣಗಿಸಿದ ಬೇವಿನ ಎಲೆಯ ಜೊತೆ ತುಂಬಿ ಬಾಯಿ ಬಿಗಿಯಬೇಕು. ಹಿಂದೆ ಊರುಗಳಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬುತ್ತಿದ್ದುದೂ ಇದೇ ತತ್ವದ ಮೇಲೆ. ಒಳಗೆ ಗಾಳಿಯಾಡದಿದ್ದರೆ ಹುಳು ಉಸಿರಾಡಲಾರದು.

ಎರಡನೆಯ ಕೆಲಸ ಶಾವಿಗೆ, ಸಂಡಿಗೆ, ಹಪ್ಪಳ, ಕುರಡಗಿ. ಕುರಡಗಿಗೆ ಗೋಧಿಯನ್ನು ಮೂರು ದಿನ ನೆನೆಸುತ್ತಾರೆ, ದಿನವೂ ನೀರು ಬದಲಿಸುತ್ತಾರೆ. ನಂತರ ರುಬ್ಬಿ, ಹಿಂಡಿ ತೆಗೆದ ಹಾಲು ತಿಳಿಯಾದಾಗ ತಳದಲ್ಲಿ ಉಳಿಯುವುದು ಶುದ್ಧ ಪಿಷ್ಟ. ಅದನ್ನು ಉಪ್ಪು ಹಾಕಿ ಬೇಯಿಸಿ, ಚಕ್ಕುಲಿ ಒರಳಿನಲ್ಲಿ ಒತ್ತಿ ಒಣಗಿಸಿದರೆ ವರ್ಷಗಟ್ಟಲೆ ಕೆಡದು. ಮರಾಠಿ ನೆರೆಮನೆಯಲ್ಲೂ ಏಪ್ರಿಲ್ ಬಂತೆಂದರೆ ಇದೇ ಕೆಲಸ. ಈ ಓಣಿಗಳಲ್ಲಿ ಎರಡು ಭಾಷೆಯ ಹೆಂಗಸರು ಮೊದಲು ಗೆಳತಿಯರಾಗುವುದು ಹಿಟ್ಟು ತಿರುವುವಾಗಲೇ, ಏಕೆಂದರೆ ಈ ಕೆಲಸ ಒಬ್ಬಳ ಕೈಯಲ್ಲಿ ಆಗುವಂಥದ್ದಲ್ಲ. ಕಾರ್ಖಾನೆಯ ಊರಿನಲ್ಲಿ ಒಣಗಿಸುವಾಗ ಮೇಲೆ ತೆಳು ಬಿಳಿ ಬಟ್ಟೆ ಹೊದಿಸುವುದು ಕಡ್ಡಾಯ; ಧೂಳು ಕೂರುವುದಿಲ್ಲ, ಬಿಸಿಲೂ ತಡೆಯುವುದಿಲ್ಲ.

ಮೂರನೆಯದು ನೀರು. ಉಷ್ಣತೆ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದಕ್ಕೆ ಕಾರಣ ಅದರ ಮೈಯಿಂದ ಆವಿಯಾಗುವ ತೇವ. ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಅದಕ್ಕೇ ಗಡಿಗೆಯನ್ನು ಗಾಳಿಯಾಡುವ ನೆರಳಿನಲ್ಲಿಡಬೇಕು, ಮೂಲೆಯಲ್ಲಿ ಮುಚ್ಚಿಡಬಾರದು.

ಇನ್ನೊಂದು ಎಚ್ಚರಿಕೆ ಕುರಕುಂಭದಂಥ ಊರಿಗೆಂದೇ ಹೇಳಬೇಕಾದದ್ದು. ರಾಸಾಯನಿಕ ತುಂಬಿ ಬಂದ ಡ್ರಮ್ಮು, ಕ್ಯಾನುಗಳು ಕೈಗಾರಿಕಾ ಊರುಗಳ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ನೀರನ್ನಾಗಲಿ ಕಾಳನ್ನಾಗಲಿ ತುಂಬಬೇಡಿ. ಪ್ಲಾಸ್ಟಿಕ್ಕಿನ ಮೈಯೊಳಗೆ ಇಳಿದ ರಾಸಾಯನಿಕ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಕಾರ್ಖಾನೆಯ ಬಟ್ಟೆಯನ್ನೂ ಮಕ್ಕಳ ಬಟ್ಟೆಯೊಡನೆ ನೆನೆಹಾಕದೆ ಬೇರೆಯಾಗಿ ಒಗೆಯಬೇಕು.

ಮಕ್ಕಳ ರಜೆಯ ಲೆಕ್ಕವೂ ಬೇಸಿಗೆಯದೇ. ಕರ್ನಾಟಕದ ಶಾಲೆಗಳು ಏಪ್ರಿಲಿನಲ್ಲೇ ಮುಚ್ಚಿ ಮೇ ಕೊನೆಗೆ ತೆರೆಯುತ್ತವೆ. ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ನಡುವಿಗೆ. ಅಜ್ಜಿಯ ಊರಿನಲ್ಲಿ ಎರಡೂ ಕಡೆಯ ಮೊಮ್ಮಕ್ಕಳು ಕೂಡಿ ಆಡಲು ಉಳಿಯುವುದು ಮೇ ತಿಂಗಳು ಮಾತ್ರ. ರೈಲಿನ ಟಿಕೇಟನ್ನು ಅದಕ್ಕೆ ತಕ್ಕಂತೆ ಮುಂಚೆಯೇ ತೆಗೆಸುವುದು ಜಾಣತನ.

ಮಳೆಗಾಲ: ನೀರು ಕಾಯುವ ಕಾಲ

ಜೂನ್ 7, 8ರ ಸುಮಾರಿಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ. ಒಂದೊಂದು ಮಳೆ ನಕ್ಷತ್ರಕ್ಕೆ 13, 14 ದಿನ. ಮಿರಗ, ಆರಿದ್ರಾ, ಪುನರ್ವಸು ಎಂದು ಎಣಿಸುತ್ತ ಹೋಗುವ ಈ ಪಟ್ಟಿ ಭೀಮೆಯ ಎರಡೂ ತುದಿಯ ರೈತರಿಗೆ ಬಾಯಿಪಾಠ. ಆಷಾಢದಲ್ಲಿ ಸಂತ ತುಕಾರಾಮರ ಪಾಲಖಿ ಯವತ, ವರವಂಡ, ಪಾಟಸಗಳ ಮೂಲಕ ಪಂಢರಪುರದ ದಾರಿ ಹಿಡಿಯುತ್ತದೆ. ಪಾಟಸ ಕುರಕುಂಭಕ್ಕೆ ಹತ್ತಿರದ ಊರು. ಕರ್ನಾಟಕದ ಭಕ್ತರೂ ತಮ್ಮ ತಮ್ಮ ಊರಿಂದ ಅದೇ ವಿಠ್ಠಲನ ಕಡೆ ನಡೆಯುತ್ತಾರೆ. ಏಕಾದಶಿಯ ಉಪವಾಸಕ್ಕೆ ಸಾಬೂದಾಣಿ, ಶೇಂಗಾ ಎರಡೂ ಭಾಷೆಯ ಮನೆಗಳಲ್ಲಿ ಸಮನಾಗಿ ಖರ್ಚಾಗುತ್ತವೆ.

ಮಳೆ ಕಡಿಮೆಯ ಊರಿನಲ್ಲಿ ನೀರು ತುಂಬಿಡುವುದು ಅನಿವಾರ್ಯ, ಅದೇ ಡೆಂಗಿಯ ಸೊಳ್ಳೆಗೆ ಅನುಕೂಲ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಂದು ದಿನ ಎಲ್ಲ ಪಾತ್ರೆ, ಬ್ಯಾರಲ್, ಕೂಲರ್ ಖಾಲಿ ಮಾಡಿದರೆ ಆ ಸರಪಳಿ ತುಂಡಾಗುತ್ತದೆ. ಆದರೆ ಬರಿಯ ಖಾಲಿ ಮಾಡಿದರೆ ಸಾಲದು. ಈ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ನೀರು ಬಿದ್ದ ಕೂಡಲೇ ಒಡೆಯುತ್ತದೆ. ಆದ್ದರಿಂದ ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಬೇಕು.

ಹೊಸ ನೀರು ಬಂದಾಗ ಭೇದಿಯೂ ಬರುತ್ತದೆ. ಕುಡಿಯುವ ನೀರು ಕೊತಕೊತ ಕುದಿಯಲೇಬೇಕು. ಮಗುವಿಗೆ ಭೇದಿಯಾದರೆ, ಓಆರ್‌ಎಸ್ ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಗೀರಿ ಸಮ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗದಂತೆ ಅಳತೆ ಕಾಯುವುದು ಮುಖ್ಯ. ಮಗು ಮಂಕಾದರೆ, ಕುಡಿದದ್ದು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಶ್ರಾವಣದ ಪಂಚಮಿ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆಯಬೇಕು, ಜೋಕಾಲಿ ಆಡಬೇಕು, ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳು ತಿನ್ನಬೇಕು. ಮಹಾರಾಷ್ಟ್ರದಲ್ಲಿ ಅಣ್ಣತಂಗಿಯರ ದೊಡ್ಡ ಭೇಟಿ ದೀಪಾವಳಿಯ ಭಾವುಬೀಜಕ್ಕೆ. ಕುರಕುಂಭದಲ್ಲಿ ಮನೆ ಮಾಡಿದ ಕನ್ನಡದ ಮಗಳಿಗೆ ಪಂಚಮಿಗೆ ಗಂಡನ ರಜೆ ಸಿಗದಿರಬಹುದು. ಆದರೂ ಉಂಡಿಯ ಡಬ್ಬಿ ತುಂಬಲೇಬೇಕು. ಎಳ್ಳು, ಶೇಂಗಾ, ಪುಟಾಣಿ, ಬೆಲ್ಲದ ಉಂಡಿಯಲ್ಲಿ ನೀರಿನಂಶ ತೀರ ಕಡಿಮೆ, ಹಾಗಾಗಿ ಮಳೆಗಾಲದಲ್ಲೂ ಅದು ವಾರಗಟ್ಟಲೆ ಬಾಳುತ್ತದೆ.

ನವರಾತ್ರಿ: ಬೀಜ ಪರೀಕ್ಷಿಸುವ ಕಾಲ

ನವರಾತ್ರಿಯಲ್ಲಿ ಫಿರಂಗಾಈಯ ಗುಡಿ ತುಂಬುತ್ತದೆ, ಮನೆಮನೆಯಲ್ಲಿ ಘಟ ಕೂಡುತ್ತದೆ. ಹೊಲದ ಮಣ್ಣು ತಂದು, ಅದರಲ್ಲಿ ಜೋಳ, ಗೋಧಿ, ಕಡಲೆ ಉದುರಿಸಿ, ನಡುವೆ ನೀರು ತುಂಬಿದ ಮಣ್ಣಿನ ಘಟ ಇಡುತ್ತಾರೆ. ಘಟದ ಮೈಯಿಂದ ಜಿನುಗುವ ತೇವಕ್ಕೆ ಒಂಬತ್ತು ದಿನದಲ್ಲಿ ಸಸಿ ಏಳುತ್ತದೆ. ಹಿಂಗಾರಿ ಬಿತ್ತನೆಯೂ ಇದೇ ದಿನಗಳದ್ದು. ಯಾವ ಕಾಳು ಚೆನ್ನಾಗಿ ಮೊಳೆಯಿತು ಎಂಬುದು ಮನೆಯವರ ಕಣ್ಣೆದುರೇ ಇರುತ್ತದೆ. ಹೊಲ ಇರುವವರು ಇದನ್ನೇ ಇನ್ನಷ್ಟು ಕರಾರುವಾಕ್ಕಾಗಿ ಮಾಡಬಹುದು: ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ಎಣಿಸಿದರೆ ಬೀಜದ ಯೋಗ್ಯತೆ ಶೇಕಡಾವಾರು ತಿಳಿಯುತ್ತದೆ.

ಚಳಿಗಾಲ: ಹೊಸದನ್ನು ಉಣ್ಣುವ ಕಾಲ

ಮುಂಗಾರಿಗೆ ಬಿತ್ತಿದ ಸಜ್ಜೆ ದಸರೆಯ ಹೊತ್ತಿಗೆ ಮನೆ ಸೇರಿರುತ್ತದೆ, ಚಳಿಗಾಲ ಅದರ ಕಾಲ. ಸಜ್ಜೆಯಲ್ಲಿ ಶೇಕಡಾ 5ರಷ್ಟು ಎಣ್ಣೆಯಂಶವಿದೆ. ಬೀಸಿದ ಮೇಲೆ ಅದು ಗಾಳಿಗೆ ಬಿದ್ದು ಬೇಗ ಕಹಿಯಾಗುತ್ತದೆ. ಅದಕ್ಕೇ ಹಿರಿಯರು ಸಜ್ಜೆ ಹಿಟ್ಟನ್ನು ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತಿದ್ದರು. ಜೋಳದ ಹಿಟ್ಟೂ ಹಳತಾದರೆ ಜಿಗಿ ಕಳೆದುಕೊಂಡು ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿನೀರು ಹಾಕಿ ನಾದಿದಾಗ ಪಿಷ್ಟ ಅರೆಬೆಂದು ಆ ಅಂಟಿನ ಕೆಲಸ ಮಾಡುತ್ತದೆ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗಲೇ ಒಡೆಯುವುದು ಇದರಿಂದಲೇ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಪುಂಡಿಪಲ್ಯ ಉಣ್ಣುವುದು ಕಲಬುರಗಿ, ವಿಜಯಪುರ ಸೀಮೆಯ ದೊಡ್ಡ ಸಂಭ್ರಮ. ಆ ಭಜ್ಜಿಯಲ್ಲಿ ಆ ಕಾಲಕ್ಕೆ ಹಸಿರಾಗಿ ಸಿಗುವ ಕಾಳು, ತರಕಾರಿ, ಸೊಪ್ಪು ಎಲ್ಲ ಸೇರುತ್ತವೆ. ಸಂಕ್ರಾಂತಿಯ ಮುನ್ನಾದಿನ ಮರಾಠಿ ಮನೆಗಳ ಭೋಗಿಯ ಪಲ್ಯವೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆ ಅದೇ ರುಚಿ ಕೊಡುತ್ತದೆ. ಅರ್ಧದಷ್ಟು ಎಣ್ಣೆಯೇ ಇರುವ ಎಳ್ಳು, ಚಳಿಯಲ್ಲಿ ಮೈಗೆ ಬೇಕಾದ ಕಸುವನ್ನೂ ಸುಣ್ಣದ ಅಂಶವನ್ನೂ ಕೊಡುತ್ತದೆ.

ಹಾಲು ತುಂಬಿದ ಜೋಳದ ತೆನೆ ಸುಟ್ಟು, ಉಜ್ಜಿ, ಶೇಂಗಾ ಹಿಂಡಿಯೊಡನೆ ತಿನ್ನುವ ಸೀತನಿಗೂ ಇದೇ ಸಮಯ. ಕಡಲೆಯ ಎಳೆ ಕುಡಿಯನ್ನು ಚಿವುಟಿ ಪಲ್ಯ ಮಾಡುತ್ತಾರೆ. ಎಲೆಯ ಮೇಲಿನ ಹುಳಿ ಗಿಡವೇ ಸ್ರವಿಸುವ ಆಮ್ಲ. ಹೀಗೆ ಚಿವುಟಿದರೆ ಗಿಡ ಟಿಸಿಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಮಿಕ್ಕ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿಟ್ಟರೆ ಹಸಿರು ಸಿಗದ ಮೇ ತಿಂಗಳಿಗೆ ಆಯಿತು.

ದೌಂಡ್ ತಾಲ್ಲೂಕು ಕಬ್ಬಿನದು, ಬೆಲ್ಲದ ಗಾಣಗಳದು. ಹೊಸ ಬೆಲ್ಲವನ್ನು ಚಳಿಗಾಲದಲ್ಲೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ಹೊರಗಿಟ್ಟದ್ದು ಶ್ರಾವಣದ ಹೊತ್ತಿಗೆ ಕರಗಿ ಹುಳಿಯಾಗುತ್ತದೆ, ಆಗ ಪಂಚಮಿಯ ಉಂಡಿಗೆ ಮತ್ತೆ ಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಯಾರ ಕೆಲಸ?

ಈ ಪಟ್ಟಿಯನ್ನು ಓದಿದವರಿಗೆ ಒಂದು ವಿಷಯ ತಟ್ಟಬೇಕು: ಇದು ಬಹುಪಾಲು ಹೆಂಗಸರ ದುಡಿಮೆಯ ಮೇಲೆ ನಿಂತಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಅದರಲ್ಲೂ ಇಂಥ ಕೆಲಸಕ್ಕೆ ಕೈಹಾಕುತ್ತಿದ್ದ ಹೆಂಗಸರು ಶೇಕಡಾ 81ರಷ್ಟಿದ್ದರೆ ಗಂಡಸರು ಶೇಕಡಾ 26 ಮಾತ್ರ.

ಊರಿನಲ್ಲಿ ಅತ್ತೆ, ನೆಗೆಣ್ಣಿ, ನಾದಿನಿ ಹಂಚಿಕೊಳ್ಳುತ್ತಿದ್ದ ಕೆಲಸ ವಲಸೆ ಬಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳ ತಲೆಗೆ ಬರುತ್ತದೆ. ಗಂಡನ ಪಾಳಿ ವಾರವಾರ ಬದಲಾಗುತ್ತದೆ. ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು, ಮಕ್ಕಳನ್ನು ಸುಮ್ಮನಿರಿಸಬೇಕು, ಒಲೆಯ ಸಮಯವೂ ತಿರುಗುತ್ತದೆ. ಇಂಥ ಮನೆಯಲ್ಲಿ ಹಂಚಿಕೆ ಬೇಕೇ ಬೇಕು. ಬ್ಯಾರಲ್ ತಿಕ್ಕುವುದು, ಗಿರಣಿಗೆ ಹೋಗುವುದು, ಕಾಳು ಬಿಸಿಲಿಗೆ ಹಾಕುವುದು, ನೀರು ಕಾಯಿಸುವುದು, ಯಾವುದಕ್ಕೂ ಹೆಣ್ಣೇ ಆಗಬೇಕೆಂದಿಲ್ಲ. ಮೊದಲ ಪಾಳಿಯ ವಾರ ಸಂಜೆಯ ಕೆಲಸ, ಎರಡನೆಯ ಪಾಳಿಯ ವಾರ ಬೆಳಗಿನ ಕೆಲಸ ಗಂಡಸಿನದಾಗಬಹುದು. ಹತ್ತು ವರ್ಷದ ಹುಡುಗ ಶೇಂಗಾ ಬಿಡಿಸಬಲ್ಲ, ರೊಟ್ಟಿಯ ಹಿಟ್ಟು ಜರಡಿ ಹಿಡಿಯಬಲ್ಲ.

ಮಾಡಿ ನೋಡಿ

1973ರಲ್ಲಿ ಜಯಂತ ಸಾಳಗಾಂವಕರ ಆರಂಭಿಸಿದ ಕಾಲನಿರ್ಣಯ ಕ್ಯಾಲೆಂಡರು ಕನ್ನಡದಲ್ಲೂ ಬರುತ್ತದೆ, ಈ ಸೀಮೆಯ ಎಷ್ಟೋ ಗೋಡೆಗಳ ಮೇಲೆ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರಿನ ತಾರೀಖು ಬರೆಯುವ ಅದೇ ಚೌಕಗಳಲ್ಲಿ ಇನ್ನು ಮೂರನ್ನು ಸೇರಿಸಿ. ಮೊದಲನೆಯದು, ಪ್ರತಿ ವಾರ ನೀರಿನ ಪಾತ್ರೆ ತಿಕ್ಕುವ ದಿನ. ಎರಡನೆಯದು, ಮುಂದಿನ ಋತುವಿಗೆ ಈ ತಿಂಗಳು ಆಗಬೇಕಾದ ಒಂದು ಕೆಲಸ. ಮೂರನೆಯದು, ಆ ಕೆಲಸದ ಎದುರು ಮಾಡುವವರ ಹೆಸರು. ಒಂದು ವರ್ಷ ತುಂಬಿದ ಮೇಲೆ ಆ ಹನ್ನೆರಡು ಹಾಳೆಗಳನ್ನು ಎಸೆಯಬೇಡಿ. ನಿಮ್ಮ ಮನೆಯ ಋತುಜ್ಞಾನದ ಪುಸ್ತಕ ಅದೇ. ಎಲ್ಲ ಚೌಕಗಳಲ್ಲೂ ಒಬ್ಬರದೇ ಹೆಸರು ಕಂಡರೆ, ಮುಂದಿನ ವರ್ಷದ ಹಂಚಿಕೆಯನ್ನು ಯುಗಾದಿಯ ದಿನವೇ ಮನೆಮಂದಿಯೆಲ್ಲ ಕೂತು ಹೊಸದಾಗಿ ಮಾಡಿ.